ಯಾರಿಗಾಗಿ ಅತ್ತೆವು? ಹಾಲೋಕಾಸ್ಟ್ ಚಿತ್ರಗಳು ಮತ್ತು ನೋಡುವವರ ಕಣ್ಣೀರು

ಹಾಲೋಕಾಸ್ಟ್ ಕುರಿತ ಚಿತ್ರವೊಂದನ್ನು ನೋಡಿದವರನ್ನು ಹೇಗಿತ್ತೆಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಕಣ್ಣೀರು ತಡೆಯಲಾಗಲಿಲ್ಲ.’ ಚಿತ್ರ ಒಳ್ಳೆಯದು ಎನ್ನುವುದಕ್ಕೂ ನೋಡಿದವರು ಒಳ್ಳೆಯವರು ಎನ್ನುವುದಕ್ಕೂ ಆ ಒಂದು ಮಾತೇ ಪ್ರಮಾಣಪತ್ರವಾಗಿ ಸಲ್ಲುತ್ತದೆ. ಅತ್ತವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ, ನಾನೂ ಅತ್ತಿದ್ದೇನೆ. ಆದರೆ ನಾಜಿ ಜರ್ಮನಿ ನಡೆಸಿದ 60 ಲಕ್ಷ ಯಹೂದಿಗಳ ಕೊಲೆಯನ್ನು ತೆರೆಯ ಮೇಲೆ ತಂದ ಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದಂತೆ, ನಾವು ಅತ್ತದ್ದು ಯಾರಿಗಾಗಿ, ಚಿತ್ರ ಯಾವ ಗಳಿಗೆಯಲ್ಲಿ ನಮಗೆ ಅಳಲು ಅವಕಾಶ ಕೊಟ್ಟಿತು ಎಂಬ ಪ್ರಶ್ನೆಗಳು ನನ್ನನ್ನು ಹೆಚ್ಚು ಕಾಡತೊಡಗಿವೆ.

1993ರ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನೇ ನೋಡೋಣ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋವನ್ನು ನಾಜಿಗಳು ಖಾಲಿ ಮಾಡಿಸುವ ದೀರ್ಘ ದೃಶ್ಯಾವಳಿಯಲ್ಲಿ ಮಂಚದ ಕೆಳಗೆ, ನೆಲಹಾಸಿನಡಿ, ಪಿಯಾನೋದ ಒಳಗೆ ಅಡಗಿದವರನ್ನೆಲ್ಲ ಹುಡುಕಿ ಕೊಲ್ಲುತ್ತಾರೆ. ಅಲ್ಲಿ ನಾವು ಬೆಚ್ಚುತ್ತೇವೆ, ಉಸಿರು ಬಿಗಿಹಿಡಿಯುತ್ತೇವೆ, ಆದರೆ ಬಹುತೇಕ ಮಂದಿ ಅಳುವುದಿಲ್ಲ. ಅಳು ಉಕ್ಕುವುದು ಕೊನೆಯಲ್ಲಿ, ಆಸ್ಕರ್ ಷಿಂಡ್ಲರ್ ತನ್ನ ಕಾರನ್ನೂ ಕೋಟಿಗೆ ಚುಚ್ಚಿಕೊಂಡಿದ್ದ ಪಕ್ಷದ ಚಿನ್ನದ ಬಿಲ್ಲೆಯನ್ನೂ ತೋರಿಸಿ, ಇವನ್ನು ಮಾರಿದ್ದರೆ ಇನ್ನಷ್ಟು ಜೀವ ಉಳಿಯುತ್ತಿತ್ತಲ್ಲ ಎಂದು ಕುಸಿದಾಗ. ಅಂದರೆ ಮೂರು ಗಂಟೆಗೂ ಮಿಕ್ಕಿ ಕಟ್ಟಿಟ್ಟುಕೊಂಡ ದುಃಖವನ್ನು ನಾವು ಸುರಿಸುವುದು ಸತ್ತವರ ಮೇಲಲ್ಲ, ಸುಮಾರು 1,200 ಮಂದಿಯನ್ನು ಉಳಿಸಿದ ಒಬ್ಬ ಜರ್ಮನ್ ಉದ್ಯಮಿಯ ಒಳ್ಳೆಯತನದ ಮೇಲೆ. ಯುರೋಪಿನ ಯಹೂದಿಗಳಲ್ಲಿ ಮೂವರಿಗೆ ಇಬ್ಬರಂತೆ ಕೊಲೆಯಾದ ಘಟನೆಯ ಬಗೆಗಿನ ಅತಿ ಪ್ರಸಿದ್ಧ ಚಿತ್ರದಲ್ಲಿ ನಾವು ಹೆಸರು ಹಿಡಿದು ಗುರುತಿಸಬಲ್ಲ ಯಹೂದಿಗಳು ಬಹುಪಾಲು ಬದುಕಿಯೇ ಉಳಿಯುತ್ತಾರೆ. ಆಶ್ವಿಟ್ಜ್ ಎಂಬ ನಾಜಿ ಕೊಲೆ ಶಿಬಿರಕ್ಕೆ ತಪ್ಪಿ ಹೋದ ಹೆಂಗಸರನ್ನು ಬೆತ್ತಲಾಗಿಸಿ ಸ್ನಾನದ ಕೋಣೆಗೆ ನೂಕಿದಾಗ, ಮೇಲಿನಿಂದ ಬರುವುದು ವಿಷಾನಿಲವೋ ನೀರೋ ಎಂದು ನಾವು ಕಾಯುತ್ತೇವೆ. ನೀರು ಬರುತ್ತದೆ, ಚಿತ್ರಮಂದಿರವೇ ನಿಟ್ಟುಸಿರು ಬಿಡುತ್ತದೆ. ಷಿಂಡ್ಲರನ ಪಟ್ಟಿಯ ಹೆಂಗಸರು ಆಶ್ವಿಟ್ಜಿಗೆ ಹೋಗಿ ಮರಳಿದ್ದು ನಿಜವೇ. ಆದರೂ ಹತ್ತು ಲಕ್ಷ ಯಹೂದಿಗಳು ಸತ್ತ ಜಾಗದಲ್ಲಿ ನಿಂತು ನೆಮ್ಮದಿಯ ಉಸಿರು ಬಿಡುವಂತೆ ನನ್ನನ್ನು ಮಾಡಿದ ಆ ದೃಶ್ಯವನ್ನು ಇವತ್ತಿಗೂ ನನಗೆ ಒಪ್ಪಲಾಗಿಲ್ಲ.

ಇದೇ ಚಿತ್ರಕ್ಕೆ ಅಳದೆ ನಕ್ಕವರೂ ಇದ್ದರು. 1994ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ದಿನ, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಒಂದು ಪ್ರೌಢಶಾಲೆಯ ಸುಮಾರು 70 ವಿದ್ಯಾರ್ಥಿಗಳನ್ನು ಈ ಚಿತ್ರಕ್ಕೆ ಕರೆದುಕೊಂಡು ಹೋಗಲಾಗಿತ್ತು. ಅವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಮಕ್ಕಳು. ಹೆಂಗಸೊಬ್ಬಳ ತಲೆಗೆ ಗುಂಡಿಕ್ಕುವ ದೃಶ್ಯದಲ್ಲಿ ಕೆಲವರು ನಕ್ಕರು. ಸಭಿಕರಲ್ಲಿದ್ದ ಹಿರಿಯರು ದೂರಿತ್ತರು, ಮಾಲೀಕರು ಚಿತ್ರ ನಿಲ್ಲಿಸಿ ಅಷ್ಟೂ ಮಕ್ಕಳನ್ನು ಹೊರಗೆ ಕಳಿಸಿದರು, ಉಳಿದ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಸುದ್ದಿ ದೇಶವೆಲ್ಲ ಹರಡಿ, ಮಕ್ಕಳು ಕ್ಷಮೆ ಕೇಳಿ, ಕೊನೆಗೆ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಅವರೇ ಆ ಶಾಲೆಗೆ ಹೋಗಿ ಮಾತನಾಡಿ ಬಂದರು. ನನಗೆ ಈ ಪ್ರಸಂಗದಲ್ಲಿ ಚಪ್ಪಾಳೆಯೇ ಹೆಚ್ಚು ಕಸಿವಿಸಿ ಉಂಟುಮಾಡುತ್ತದೆ. ತೆರೆಯ ಮೇಲೆ ಗುಂಡೇಟನ್ನು ತಮಾಷೆಯಾಗಿ ನೋಡಿ ಬೆಳೆದ, ಏನು ನೋಡಲು ಹೋಗುತ್ತಿದ್ದೇವೆಂಬ ಸಿದ್ಧತೆಯೂ ಇಲ್ಲದ ಮಕ್ಕಳ ನಗುವಿಗೆ ಹತ್ತು ಕಾರಣಗಳಿರಬಹುದು, ಗಾಬರಿಯೂ ಅದರಲ್ಲಿ ಒಂದು. ಆದರೆ ಹೊರದಬ್ಬುವವರಿಗೆ ಚಪ್ಪಾಳೆ ತಟ್ಟಿದವರು, ತಮ್ಮ ಮೌನದಿಂದಲೇ ತಾವು ಸತ್ತವರ ಪಕ್ಷ ಸೇರಿದೆವೆಂದು ನಂಬಿದ್ದರು.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲೊಂದು ಹಳೆಯ ಚರ್ಚೆ ನೆನಪಾಗದೆ ಇರದು. ಲೋಕದ ಶೋಕ ಕಾವ್ಯದಲ್ಲಿ ಕರುಣರಸವಾಗಬೇಕಾದರೆ, ಅದು ನನ್ನದು, ಶತ್ರುವಿನದು, ಇಂಥವನದು ಎಂಬ ಗುರುತುಗಳನ್ನು ಕಳಚಿಕೊಂಡು ಎಲ್ಲರದೂ ಆಗಬೇಕು. ಸಂಸ್ಕೃತ ಮೀಮಾಂಸಕರಲ್ಲಿ ಭಟ್ಟನಾಯಕ ಹೇಳಿದ, ಅಭಿನವಗುಪ್ತ ತನ್ನದೇ ರೀತಿಯಲ್ಲಿ ಬೆಳೆಸಿದ ಈ ಸಾಧಾರಣೀಕರಣದ ವಿಚಾರ, ಶೋಕವನ್ನು ನೋಡಿ ನಾವೇಕೆ ಒಂದು ಬಗೆಯ ಸುಖ ಪಡುತ್ತೇವೆ ಎಂಬ ಒಗಟನ್ನು ಬಹಳ ಚೆನ್ನಾಗಿ ಬಿಡಿಸುತ್ತದೆ. ಕಾಡಿಗೆ ಅಟ್ಟಲ್ಪಟ್ಟ ಸೀತೆಯ ದುಃಖಕ್ಕೆ ಅದು ಸರಿಹೊಂದುತ್ತದೆ. ಆದರೆ ಟ್ರೆಬ್ಲಿಂಕಾ, ಸೊಬಿಬೋರ್, ಆಶ್ವಿಟ್ಜ್ ಕೊಲೆ ಶಿಬಿರಗಳಲ್ಲಿ ಸತ್ತ ಯಹೂದಿಗಳು ಸತ್ತದ್ದು ತಾವು ಇಂಥವರು ಎಂಬ ಒಂದೇ ಕಾರಣಕ್ಕೆ. ಗುರುತನ್ನು ಕಳಚಿ ‘ಮನುಷ್ಯನ ದುಃಖ’ ಎಂದು ಅದನ್ನು ಅನುಭವಿಸಿದ ಕ್ಷಣದಲ್ಲಿ ಕೊಲೆಯ ಕಾರಣವನ್ನೇ ಕಳಚಿ ಇಟ್ಟಂತಾಗುತ್ತದೆ.

ಇದು ಬರಿಯ ಶಾಸ್ತ್ರದ ಮಾತಲ್ಲ, ದೊಡ್ಡ ಚಿತ್ರಗಳಲ್ಲೂ ಹೀಗೆ ಆಗಿದೆ. ಅಲೆನ್ ರೆನೆಯ 32 ನಿಮಿಷಗಳ ‘ನೈಟ್ ಅಂಡ್ ಫಾಗ್’ ಐವತ್ತರ ದಶಕದಲ್ಲೇ ಶಿಬಿರಗಳ ಹೆಣದ ರಾಶಿಗಳನ್ನು ಫ್ರಾನ್ಸಿನ ಪ್ರೇಕ್ಷಕರ ಮುಂದಿಟ್ಟ ಧೀರ ಸಾಕ್ಷ್ಯಚಿತ್ರ. ಅದರ ನಿರೂಪಣೆಯನ್ನು ಬರೆದ ಜಾನ್ ಕೆರೋಲ್ ಸ್ವತಃ ಮೌತ್‌ಹೌಸನ್ ಶಿಬಿರದಿಂದ ಬದುಕಿ ಬಂದವರು. ಆದರೂ ಆ ನಿರೂಪಣೆಯಲ್ಲಿ ಯಹೂದಿ ಎಂಬ ಮಾತು ಬರುವುದು ಆಮ್‌ಸ್ಟರ್‌ಡ್ಯಾಮಿನ ಒಬ್ಬ ವಿದ್ಯಾರ್ಥಿಯ ಪ್ರಸ್ತಾಪದಲ್ಲಿ ಮಾತ್ರ. ಯಹೂದಿಗಳನ್ನು ಕೂಡಿಹಾಕಿದ್ದ ಶಿಬಿರವನ್ನು ಕಾಯುತ್ತ ನಿಂತ ಫ್ರೆಂಚ್ ಪೊಲೀಸನ ಟೋಪಿ ಅದರೊಳಗಿನ ಒಂದು ಛಾಯಾಚಿತ್ರದಲ್ಲಿ ಕಾಣುತ್ತಿದ್ದುದನ್ನು ಸೆನ್ಸಾರ್ ಮಂಡಳಿ ಮರೆಮಾಡಿಸಿತು. ಹೀಗೆ ಸತ್ತವರ ಗುರುತೂ ಹೋಯಿತು, ಕೊಲೆಗೆ ಕೈಜೋಡಿಸಿದ ಸ್ವಂತ ಊರಿನವನ ಗುರುತೂ ಹೋಯಿತು. ಉಳಿದ ಕಣ್ಣೀರು ಶುದ್ಧವಾಗಿಯೇ ಇತ್ತು, ವಿಳಾಸ ಮಾತ್ರ ಇರಲಿಲ್ಲ.

ಇಷ್ಟು ಹೇಳಿದ ಮೇಲೆ, ನನ್ನ ವಾದಕ್ಕೆ ವಿರುದ್ಧವಾಗಿ ನಿಲ್ಲುವ ಒಂದು ಉದಾಹರಣೆಯನ್ನು ಹೇಳಲೇಬೇಕು. 1978ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ‘ಹಾಲೋಕಾಸ್ಟ್’ ಎಂಬ ಹೆಸರಿನ ನಾಲ್ಕು ಭಾಗಗಳ ಧಾರಾವಾಹಿಯನ್ನು ಪ್ರಸಾರ ಮಾಡಿತು. ಬರ್ಲಿನ್ನಿನ ವೈಸ್ ಎಂಬ ಯಹೂದಿ ವೈದ್ಯರ ಕುಟುಂಬ, ಡಾರ್ಫ್ ಎಂಬ, ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿಯ ಕುಟುಂಬ, ಪ್ರೇಮ, ಮದುವೆ, ಅಗಲಿಕೆ, ನಡುನಡುವೆ ಜಾಹೀರಾತು. ಆಶ್ವಿಟ್ಜಿನಿಂದ ಬದುಕಿ ಬಂದ ಎಲಿ ವೀಸೆಲ್ ಇದನ್ನು ಸತ್ತವರಿಗೆ ಮಾಡಿದ ಅವಮಾನವೆಂದು ಕಟುವಾಗಿ ಬರೆದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ 1979ರ ಜನವರಿಯಲ್ಲಿ ಇದೇ ಧಾರಾವಾಹಿ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾದಾಗ ನಡೆದದ್ದೇ ಬೇರೆ. ಮುಖ್ಯ ವಾಹಿನಿಯಲ್ಲಿ ಬೇಡವೆಂದು ಪ್ರಾದೇಶಿಕ ವಾಹಿನಿಗಳಿಗೆ ತಳ್ಳಿದ್ದರೂ ಸುಮಾರು 2 ಕೋಟಿ ಜನ ನೋಡಿದರು. ಅದನ್ನು ತಡೆಯಲು ಬಲಪಂಥೀಯ ಉಗ್ರರು ಪ್ರಸಾರ ಕೇಂದ್ರಗಳಿಗೆ ಬಾಂಬಿಟ್ಟರು. ಪ್ರತಿ ಕಂತು ಮುಗಿದ ಮೇಲೆ ಇತಿಹಾಸಕಾರರು ಸ್ಟುಡಿಯೋದಲ್ಲಿ ಕುಳಿತು ಚರ್ಚಿಸಿದರು, ಸಾವಿರಾರು ಜನ ದೂರವಾಣಿ ಕರೆ ಮಾಡಿದರು. ಕೆಲವರು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು, ಇನ್ನು ಕೆಲವರು ಯುದ್ಧಕಾಲದಲ್ಲಿ ತಾವೇ ಕಂಡದ್ದನ್ನು ಹೇಳಿದರು. ಮನೆಗಳಲ್ಲಿ ಮಕ್ಕಳು ಅಪ್ಪಂದಿರನ್ನು, ಅಜ್ಜಂದಿರನ್ನು ಪ್ರಶ್ನಿಸಿದರು. ಕೊಲೆ ಅಪರಾಧಕ್ಕೆ ಇದ್ದ ಕಾಲಮಿತಿ ಆ ವರ್ಷದ ಕೊನೆಗೆ ಮುಗಿದು, ಅಲ್ಲಿಯವರೆಗೆ ಸಿಕ್ಕಿಬೀಳದ ನಾಜಿ ಕೊಲೆಗಾರರು ಪಾರಾಗುವವರಿದ್ದರು. ಜುಲೈ ತಿಂಗಳಲ್ಲಿ ಸಂಸತ್ತು ಆ ಮಿತಿಯನ್ನೇ ತೆಗೆದುಹಾಕಿತು. ಆ ನಿರ್ಧಾರಕ್ಕೆ ಧಾರಾವಾಹಿಯೊಂದೇ ಕಾರಣವಲ್ಲ, ಆದರೆ ಅದು ಎಬ್ಬಿಸಿದ ಗಾಳಿಯಲ್ಲೇ ಆ ಚರ್ಚೆ ನಡೆಯಿತು.

ಅರವತ್ತರ ದಶಕದಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಶ್ವಿಟ್ಜ್ ಅಧಿಕಾರಿಗಳ ದೀರ್ಘ ವಿಚಾರಣೆ ನಡೆದಿತ್ತು, ಗಂಭೀರ ಗ್ರಂಥಗಳು ಬಂದಿದ್ದವು. ಅವು ಮುಟ್ಟಲಾಗದ ಮನೆಗಳನ್ನು ಒಂದು ಸಾಧಾರಣ ಧಾರಾವಾಹಿ ಮುಟ್ಟಿತೆಂಬುದನ್ನು ನನ್ನಂಥ ರುಚಿಶುದ್ಧಿಯ ಮಂದಿ ನುಂಗಿಕೊಳ್ಳಲೇಬೇಕು. ಆದರೆ ಅದು ಮುಟ್ಟಿದ ಬಗೆಯನ್ನು ಗಮನಿಸಿ. ಪ್ರೇಕ್ಷಕರು ಅತ್ತದ್ದು ಹೆಸರಿದ್ದ, ವೃತ್ತಿಯಿದ್ದ, ತಮ್ಮದೇ ಬೀದಿಯಲ್ಲಿ ಇದ್ದಿರಬಹುದಾದ ಒಂದು ಯಹೂದಿ ಕುಟುಂಬಕ್ಕಾಗಿ. ಆ ಅಳು ಮುಗಿಯುವ ಮೊದಲೇ ಇತಿಹಾಸಕಾರನೊಬ್ಬ ಪುರಾವೆ ಹಿಡಿದು ಎದುರಿಗೆ ಕುಳಿತಿರುತ್ತಿದ್ದ. ಅಳುವವನಿಗೂ ತಪ್ಪಿತಸ್ಥನಿಗೂ ನಡುವೆ ಇದ್ದದ್ದು ಊಟದ ಮೇಜಿನಷ್ಟೇ ದೂರ.

‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ಚಿತ್ರದಲ್ಲಿ ಇದರ ತಿರುಗುಮುರುಗು ಆಗುತ್ತದೆ. ಶಿಬಿರದ ಕಮಾಂಡೆಂಟನ ಎಂಟು ವರ್ಷದ ಮಗ ಬೇಲಿಯಾಚೆಯ ಯಹೂದಿ ಹುಡುಗನ ಗೆಳೆತನ ಮಾಡಿ, ಅವನ ಜೊತೆಗೆ ಅನಿಲ ಕೊಠಡಿ ಸೇರುತ್ತಾನೆ. ಕೊನೆಯ ಹತ್ತು ನಿಮಿಷ ನಾವು ಕಳವಳಪಡುವುದು ಆ ಜರ್ಮನ್ ಮಗು ‘ತಪ್ಪಾಗಿ’ ಒಳಗೆ ಹೋಯಿತಲ್ಲ ಎಂದು. ಮಳೆಯಲ್ಲಿ ಅವನ ತಾಯಿ ಗೋಳಿಡುವಾಗ ನಮ್ಮ ಗಂಟಲೂ ಕಟ್ಟುತ್ತದೆ. ಕೊಠಡಿಯಲ್ಲಿದ್ದ ಉಳಿದವರು ಸರಿಯಾಗಿ ಒಳಗೆ ಹೋದವರೇ? ಆಶ್ವಿಟ್ಜಿಗೆ ಸಾಗಿಸಿದ ಎರಡು ಲಕ್ಷಕ್ಕೂ ಹೆಚ್ಚು ಯಹೂದಿ ಮಕ್ಕಳಲ್ಲಿ ಬಹುಪಾಲು ಮಕ್ಕಳನ್ನು ರೈಲಿಳಿದ ದಿನವೇ ಕೊಂದರು, ಬೇಲಿಯ ಬಳಿ ಕುಳಿತು ಹರಟೆ ಹೊಡೆಯುವ ಬಿಡುವು ಅವರಿಗೆ ಸಿಗಲಿಲ್ಲ. ಈ ಕಥೆ ಇಂಗ್ಲೆಂಡಿನ ಶಾಲೆಗಳಲ್ಲಿ ಪಾಠದ ಜಾಗ ಹಿಡಿದಿದೆ. ಸಾಮಾನ್ಯ ಜರ್ಮನರಿಗೆ ಏನೂ ಗೊತ್ತಿರಲಿಲ್ಲ ಎಂಬಂಥ ತಪ್ಪು ತಿಳಿವಳಿಕೆಗಳು ಮಕ್ಕಳಲ್ಲಿ ಬೇರೂರಲು ಅದು ನೆರವಾಗಿದೆಯೆಂದು ಅಲ್ಲಿನ ಸಂಶೋಧಕರೇ ಎಚ್ಚರಿಸಿದ್ದಾರೆ. ಹಾಲೋಕಾಸ್ಟ್ ಇತಿಹಾಸವನ್ನು ಓದುವವರೂ ಕಲಿಸುವವರೂ ಇದರ ಮೂಲ ಕಾದಂಬರಿಯಿಂದ ದೂರವಿರಬೇಕೆಂದು ಆಶ್ವಿಟ್ಜ್ ವಸ್ತುಸಂಗ್ರಹಾಲಯ 2020ರಲ್ಲಿ ಬಹಿರಂಗವಾಗಿಯೇ ಹೇಳಿತು. ಇಷ್ಟಾದರೂ ‘ಮಕ್ಕಳಿಗೆ ತೋರಿಸಲೇಬೇಕಾದ ಚಿತ್ರ’ ಎಂಬ ಪಟ್ಟಿಗಳಲ್ಲಿ ನಮ್ಮವರು ಇದನ್ನು ಸೇರಿಸುತ್ತಲೇ ಇರುತ್ತಾರೆ.

ಕ್ಲೋದ್ ಲಾಂಜ್ಮನ್ ಅವರ ‘ಷೋಆ’ ನೋಡಿದ ಮೇಲೆ ನನ್ನಲ್ಲಿ ಎದ್ದದ್ದು ಮೊದಲಿಗೆ ಸಿಟ್ಟು. 1985ರ ಈ ಒಂಬತ್ತೂವರೆ ಗಂಟೆಯ ಚಿತ್ರದಲ್ಲಿ ಹಳೆಯ ಕಾಲದ ಒಂದು ತುಣುಕು ದೃಶ್ಯವೂ ಇಲ್ಲ, ಇರುವುದು ಕಂಡವರ ಮಾತು, ಖಾಲಿ ಬಯಲು, ರೈಲು. ಅಬ್ರಹಾಂ ಬೊಂಬ ಎಂಬ ಕ್ಷೌರಿಕ ಟ್ರೆಬ್ಲಿಂಕಾದಲ್ಲಿ, ಸಾಯಲಿರುವ ಹೆಂಗಸರ ಕೂದಲನ್ನು ಅನಿಲ ಕೊಠಡಿಯೊಳಗೇ ಕತ್ತರಿಸಬೇಕಾಗಿ ಬಂದವರು. ಇಸ್ರೇಲಿನ ಒಂದು ಕ್ಷೌರದಂಗಡಿಯಲ್ಲಿ ಒಬ್ಬರ ಕೂದಲು ಕತ್ತರಿಸುತ್ತಲೇ ಅವರು ಅದನ್ನು ನಿರ್ಭಾವದಿಂದ ಹೇಳುತ್ತಾರೆ. ತನ್ನ ಜೊತೆಗಿದ್ದ ಇನ್ನೊಬ್ಬ ಕ್ಷೌರಿಕನ ಹೆಂಡತಿಯೂ ತಂಗಿಯೂ ಆ ಕೊಠಡಿಗೆ ಬಂದದ್ದನ್ನು ಹೇಳುವಾಗ ಅವರಿಗೆ ಮಾತು ಹೊರಡುವುದಿಲ್ಲ. ನಿಲ್ಲಿಸಿ ಎಂದು ಬೇಡುತ್ತಾರೆ. ಲಾಂಜ್ಮನ್ ನಿಲ್ಲಿಸುವುದಿಲ್ಲ, ಮುಂದುವರಿಸಲೇಬೇಕು ಎನ್ನುತ್ತಾರೆ, ಕ್ಯಾಮೆರಾವೂ ಅಲ್ಲಾಡುವುದಿಲ್ಲ. ಇದು ಹಿಂಸೆ ಎಂದವರಿದ್ದಾರೆ, ಅವರನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲ್ಲಿ ನಿಲ್ಲಿಸಿದ್ದರೆ ಅದರಿಂದ ಹಗುರಾಗುತ್ತಿದ್ದವನು ಬೊಂಬ ಅಲ್ಲ, ನಾನು. ಆ ಮನುಷ್ಯನಿಗೆ ಹೇಳುವುದು ಎಷ್ಟು ಕಷ್ಟವೋ ಅಷ್ಟು ಹೊತ್ತು ಕೇಳುತ್ತ ಕೂರುವುದಷ್ಟೇ ಪ್ರೇಕ್ಷಕನಿಗೆ ಉಳಿದ ಕೆಲಸ, ಅದಕ್ಕೆ ಕಣ್ಣೀರಿನ ಹಂಗಿಲ್ಲ.

ಇತ್ತೀಚೆಗೆ ಅಳುವಿನ ಜಾಗಕ್ಕೆ ಇನ್ನೊಂದು ಬಗೆಯ ಪ್ರತಿಕ್ರಿಯೆ ಬಂದಿದೆ. ಜೊನಾಥನ್ ಗ್ಲೇಜರ್ ಅವರ 2023ರ ‘ದಿ ಝೋನ್ ಆಫ್ ಇಂಟರೆಸ್ಟ್’ ಆಶ್ವಿಟ್ಜಿನ ಕಮಾಂಡೆಂಟ್ ರುಡಾಲ್ಫ್ ಹೆಸ್ ಕುಟುಂಬ ಶಿಬಿರದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಹೂತೋಟ ಬೆಳೆಸಿ ಸುಖವಾಗಿರುವುದನ್ನು ತೋರಿಸುತ್ತದೆ. ಗೋಡೆಯಾಚೆಯದು ನಮಗೆ ಕೇಳುತ್ತದೆಯೇ ಹೊರತು ಕಾಣುವುದಿಲ್ಲ. ನೋಡಿದವರು ‘ನಾವೆಲ್ಲರೂ ಹೆಸ್‌ಗಳೇ’ ಎನ್ನುತ್ತಾರೆ. ತನ್ನನ್ನೇ ಹಳಿದುಕೊಳ್ಳುವ ಈ ಮಾತಿನಲ್ಲೂ ಒಂದು ಸುಲಭದ ಹಿತವಿದೆ. ಎಲ್ಲರೂ ಹೆಸ್ ಆದರೆ ಹೆಸ್ ಮಾಡಿದ್ದು ಏನೂ ಉಳಿಯುವುದಿಲ್ಲ. ಚಿತ್ರ ನನಗೆ ಚುಚ್ಚಿದ್ದು ಬೇರೊಂದು ಪಾತ್ರದಲ್ಲಿ. ಮಗಳ ಮನೆ ನೋಡಲು ಬಂದ, ಹೆಸ್‌ನ ಹೆಂಡತಿ ಹೆಡ್ವಿಗ್‌ಳ ತಾಯಿ, ತಾನು ಹಿಂದೆ ಮನೆಗೆಲಸ ಮಾಡುತ್ತಿದ್ದ ಯಹೂದಿ ಒಡತಿ ಈಗ ಆ ಗೋಡೆಯ ಒಳಗಿರಬಹುದೇ ಎಂದು ಯೋಚಿಸುತ್ತಾಳೆ. ಆಕೆಯ ವಸ್ತುಗಳ ಹರಾಜಿನಲ್ಲಿ ಪರದೆಗಳು ತನ್ನ ಕೈತಪ್ಪಿದ್ದನ್ನು ನೆನೆದು ಕೊರಗುತ್ತಾಳೆ. ರಾತ್ರಿ ಚಿಮಣಿಯ ಬೆಂಕಿ ಕಂಡು ನಿದ್ದೆ ಬಾರದೆ, ಹೇಳದೆ ಕೇಳದೆ ಊರಿಗೆ ಹೋಗಿಬಿಡುತ್ತಾಳೆ. ಅವಳು ಹೆಸ್ ಅಲ್ಲ. ಚಿತ್ರ ನೋಡಿ ಮನಸ್ಸು ಕಲಕಿ ಎದ್ದುಹೋಗುವ ನಾವು ಯಾರಿಗಾದರೂ ಹೋಲುವುದಾದರೆ ಅವಳಿಗೆ.

‘ನಾವೆಲ್ಲರೂ’ ಎಂಬ ಈ ಜಾರುಬಂಡೆಯ ತುದಿ ನಮ್ಮ ದೇಶದಲ್ಲೇ ಕಂಡಿತು. ಅದೇ 2023ರಲ್ಲಿ ‘ಬವಾಲ್’ ಎಂಬ ಹಿಂದಿ ಚಿತ್ರ ಗಂಡಹೆಂಡಿರ ಮನಸ್ತಾಪವನ್ನು ಸರಿಪಡಿಸಲು ಅವರನ್ನು ಆಶ್ವಿಟ್ಜಿಗೆ ಪ್ರವಾಸ ಕಳಿಸಿ, ಕಲ್ಪನೆಯಲ್ಲಿ ಅನಿಲ ಕೊಠಡಿಯೊಳಗೂ ನಿಲ್ಲಿಸಿತು. ಪ್ರತಿ ಸಂಬಂಧವೂ ತನ್ನದೊಂದು ಆಶ್ವಿಟ್ಜನ್ನು ಹಾಯಬೇಕಾಗುತ್ತದೆ ಎಂಬರ್ಥದ ಸಂಭಾಷಣೆ ಅದರಲ್ಲಿದೆ. ಸೈಮನ್ ವೀಸೆಂಥಾಲ್ ಕೇಂದ್ರ ಎಂಬ ಯಹೂದಿ ಮಾನವ ಹಕ್ಕು ಸಂಸ್ಥೆ ಚಿತ್ರವನ್ನು ತೆಗೆದುಹಾಕುವಂತೆ ಕೇಳಿದಾಗ ನಮ್ಮಲ್ಲಿ ಹಲವರಿಗೆ ಅದು ಅತಿರೇಕವೆನಿಸಿತು. ಸಿಡುಕು ಮೇಷ್ಟ್ರಿಗೂ ಹಿಟ್ಲರ್ ಎಂದು ಅಡ್ಡಹೆಸರಿಡುವ ನಮಗೆ ಹಾಗೆ ಅನಿಸಿದ್ದು ಆಶ್ಚರ್ಯವೇನಲ್ಲ. ಚಿತ್ರವನ್ನು ತೆಗೆಯಬೇಕಿತ್ತೆಂದು ನಾನೂ ಹೇಳುವುದಿಲ್ಲ. ಆದರೆ ಆ ದೃಶ್ಯಕ್ಕೂ ಕಣ್ಣೊದ್ದೆಯಾದವರು ಇದ್ದಿರಬಹುದು, ಅವರು ಅತ್ತದ್ದು ಒಂದು ಮದುವೆಗಾಗಿ.

ಯಾವ ಚಿತ್ರದಿಂದ ಶುರುಮಾಡಲಿ ಎಂದು ಕೇಳುವವರಿಗೆ ನಾನು ‘ಷಿಂಡ್ಲರ್ಸ್ ಲಿಸ್ಟ್’ ಅನ್ನೇ ಹೇಳುತ್ತೇನೆ, ಮೇಲಿನ ತಕರಾರುಗಳ ಸಮೇತ. ಗೋಡೆಯಾಚೆ ಏನಿತ್ತೆಂದು ತಿಳಿಯದವರಿಗೆ ಗ್ಲೇಜರ್ ಚಿತ್ರದ ಸದ್ದುಗಳು ಸದ್ದುಗಳಷ್ಟೇ. ಆಮೇಲೆ ‘ಷೋಆ’ವನ್ನು ಹಲವು ದಿನಗಳಿಗೆ ಹಂಚಿಕೊಂಡು ನೋಡಿ. ನಡುವೆ ಬೇಸರ ಬಂದೇ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಇತಿಹಾಸಕಾರ ರೌಲ್ ಹಿಲ್ಬರ್ಗ್ ರೈಲ್ವೆ ಇಲಾಖೆಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು, ಶಿಬಿರಗಳಿಗೆ ಸಾಗಿಸಿದ ಯಹೂದಿಗಳ ಪ್ರಯಾಣದರವನ್ನು ಹೇಗೆ ಲೆಕ್ಕ ಹಾಕಲಾಗುತ್ತಿತ್ತೆಂದು ವಿವರಿಸುವ ಭಾಗದಲ್ಲಿ ಹಲವರು ಆಕಳಿಸುತ್ತಾರೆ. ಹತ್ತು ವರ್ಷದೊಳಗಿನವರಿಗೆ ಅರ್ಧ ದರ, ನಾಲ್ಕು ವರ್ಷದೊಳಗಿನವರಿಗೆ ಉಚಿತ, ದೊಡ್ಡ ಗುಂಪಿಗೆ ರಿಯಾಯಿತಿ, ಹೋಗಿ ಬರುವ ದರ ಕಾವಲಿನವರಿಗೆ ಮಾತ್ರ. ದಯವಿಟ್ಟು ಆ ಭಾಗವನ್ನು ಮುಂದಕ್ಕೆ ಓಡಿಸಬೇಡಿ.