ಛತ್ರ ನಮ್ಮದು, ಮೊದಲ ಪಂಕ್ತಿಯೂ ನಮ್ಮದೇ

ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಕೂರಲು ದಾರಿ ಎರಡೇ. ಬೀಗರು ಕೈಹಿಡಿದು ಕರೆದೊಯ್ದು ಕೂರಿಸಬೇಕು, ಇಲ್ಲವೇ ಛತ್ರವೇ ನಿಮ್ಮದಾಗಿರಬೇಕು. ಫಿಫಾದ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಭಾರತ ಎಲೆ ಹಾಕಿಸಿಕೊಂಡದ್ದು ಎರಡನೆಯ ದಾರಿಯಲ್ಲಿ. 2017ರಲ್ಲಿ ಹುಡುಗರ ಟೂರ್ನಿ, 2022ರಲ್ಲಿ ಹುಡುಗಿಯರ ಟೂರ್ನಿ, ಎರಡಕ್ಕೂ ಛತ್ರ ನಮ್ಮದು. ಆತಿಥೇಯರು ಅರ್ಹತಾ ಸುತ್ತು ಆಡಬೇಕಿಲ್ಲ ಎಂದು ನಿಯಮ ಬರೆದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಕೂತು ಉಂಡದ್ದೇನು ಅಂತ ಕೇಳಬೇಡಿ, ಎಲೆ ಎತ್ತುವವರಿಗೆ ಮುಜುಗರ. ಆದರೂ ಲೆಕ್ಕ ಲೆಕ್ಕವೇ. ಹುಡುಗರು ಅಮೆರಿಕಕ್ಕೆ 0-3, ಕೊಲಂಬಿಯಾಕ್ಕೆ 1-2, ಘಾನಾಕ್ಕೆ 0-4. ಹುಡುಗಿಯರು ಅಮೆರಿಕಕ್ಕೆ 0-8, ಮೊರಾಕ್ಕೊಗೆ 0-3, ಬ್ರೆಜಿಲ್‌ಗೆ 0-5. ಆರು ಪಂದ್ಯ, ಹೊಡೆದದ್ದು ಒಂದು ಗೋಲು, ಹೊಡೆಸಿಕೊಂಡದ್ದು 25. ಇದನ್ನು ಸೋಲು ಎನ್ನುವುದು ಅಸಭ್ಯತೆ. ಭಾರತದ ಫುಟ್‌ಬಾಲ್ ಫೆಡರೇಷನ್ನಿನ ನಿಘಂಟಿನಲ್ಲಿ ಇದಕ್ಕೆ 'ಎಕ್ಸ್‌ಪೋಷರ್' ಎಂಬ ಗೌರವದ ಪದವಿದೆ. ಬಿಸಿಲಿಗೆ ಒಡ್ಡಿದ ಹಪ್ಪಳದ ಹಾಗೆ ಮಕ್ಕಳನ್ನು ಒಡ್ಡುವುದು, ಸಂಜೆ ಒಳಗೆ ತೆಗೆದಿಡುವುದು.

ಹುಡುಗರ ಟೂರ್ನಿಯ ಆತಿಥ್ಯ ಸಿಕ್ಕಿದ್ದು 2013ರ ಡಿಸೆಂಬರ್‌ನಲ್ಲಿ. ಆಗ ದೇಶದಲ್ಲಿ ಆ ವಯಸ್ಸಿನ ಹುಡುಗರಿಗೆ ವರ್ಷಪೂರ್ತಿ ನಡೆಯುವ ಲೀಗ್ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಕುಲಾವಿಯ ಅಳತೆ ಸಿಕ್ಕಿಬಿಟ್ಟಿತ್ತು: 2000ದ ಜನವರಿ 1 ಅಥವಾ ಅದಾದ ಮೇಲೆ ಹುಟ್ಟಿದ ತಲೆ ಬೇಕು. ಹುಡುಕಾಟ ಶುರುವಾಯಿತು. ಸಿಕ್ಕವರನ್ನು ಕ್ಯಾಂಪಿನಲ್ಲಿ ಹಾಕಿದರು. ಜರ್ಮನಿಯಿಂದ ನಿಕೊಲಾಯ್ ಆಡಂ ಕೋಚ್ ಆಗಿ ಬಂದರು, ಹುಡುಗರು ಅವರ ಮೇಲೆ ದೂರು ಕೊಟ್ಟರು, 2017ರ ಆರಂಭದಲ್ಲಿ ಅವರು ಹೊರಟರು. ಪೋರ್ಚುಗಲ್ಲಿನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದರು. ಹೊತ್ತಿಗೆ ಸರಿಯಾಗಿ, ಅಂದರೆ ಮುಹೂರ್ತಕ್ಕೆ ಏಳೆಂಟು ತಿಂಗಳಿರುವಾಗ. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಅಡುಗೆಯವರನ್ನು ಬದಲಿಸಿದರೆ ಏನಾಗುತ್ತದೋ ಅದೇ ಆಯಿತು, ಉಪ್ಪು ಎರಡು ಸಲ ಬಿತ್ತು, ಹುಳಿ ಬೀಳಲೇ ಇಲ್ಲ.

ಕ್ಯಾಂಪಿಗೂ ಲೀಗಿಗೂ ಏನು ವ್ಯತ್ಯಾಸ ಅನ್ನುವವರಿಗೆ ಒಂದು ವಿವರ. ಲೀಗಿನಲ್ಲಿ ಶನಿವಾರ ಸೋತ ಹುಡುಗ ಮಂಗಳವಾರ ಆ ತಪ್ಪನ್ನು ತಿದ್ದುತ್ತಾನೆ, ಮುಂದಿನ ಶನಿವಾರ ಅದಕ್ಕೆ ಪರೀಕ್ಷೆ. ಪಾಯಿಂಟ್ ಹೋಗುತ್ತದೆ ಎಂಬ ಭಯ ಬೆನ್ನಿಗಿರುತ್ತದೆ. ವಿದೇಶ ಪ್ರವಾಸದ ಸೌಹಾರ್ದ ಪಂದ್ಯದಲ್ಲಿ ಸೋತರೆ ಹೋಗುವುದು ಏನೂ ಇಲ್ಲ, ಬಸ್ಸು ಹತ್ತಿದರೆ ಮುಂದಿನ ಊರು. ಜತೆಗೆ, ಎರಡೂ ಕಡೆಯವರು ಒಪ್ಪಿದರೆ ಎಷ್ಟು ಜನರನ್ನು ಬೇಕಾದರೂ ಬದಲಿಸಬಹುದು. 60ನೇ ನಿಮಿಷಕ್ಕೆ ಅರ್ಧ ತಂಡ ಹೊಸದು. ಹೀಗಾಗಿ 85ನೇ ನಿಮಿಷದಲ್ಲಿ ಕಾಲು ಸೀಸವಾಗಿ, ಉಸಿರು ಮೇಲೆ ಕೆಳಗೆ ಆಗುವಾಗ ಸ್ಥಾನ ಬಿಡದೆ ನಿಲ್ಲುವುದು ಹೇಗೆ ಎಂಬ ಪಾಠ ಆಗುವುದೇ ಇಲ್ಲ. ಘಾನಾ ವಿರುದ್ಧ ಕೊನೆಯ ಎರಡು ಗೋಲು ಬಿದ್ದದ್ದು 86 ಮತ್ತು 87ನೇ ನಿಮಿಷದಲ್ಲಿ.

ಪ್ರವಾಸದಲ್ಲಿ ಗೆದ್ದರೆ ಕಥೆ ಬೇರೆ. 2017ರ ಮೇ ತಿಂಗಳಲ್ಲಿ ಇಟಲಿಯ ಅರೆಝೊದಲ್ಲಿ ನಮ್ಮ ಹುಡುಗರು 2-0ರಿಂದ ಗೆದ್ದರು. 'ಇಟಲಿಯ 17ರೊಳಗಿನವರ ತಂಡವನ್ನು ಸೋಲಿಸಿ ಇತಿಹಾಸ' ಎಂದು ಡಂಗುರ ಹೊಡೆದದ್ದೇ ಹೊಡೆದದ್ದು. ಅಭಿನಂದನೆಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಮಾರನೇ ದಿನಕ್ಕೆ ಗೊತ್ತಾಯಿತು, ಎದುರಿಗೆ ಆಡಿದ್ದು ಇಟಲಿಯ ರಾಷ್ಟ್ರೀಯ ತಂಡವಲ್ಲ, ಅಲ್ಲಿನ ಮೂರನೇ ದರ್ಜೆಯ ಲೀಗಾದ ಲೆಗಾ ಪ್ರೊ ಕ್ಲಬ್ಬುಗಳ ಹುಡುಗರನ್ನು ಕೂಡಿಸಿದ ತಂಡ. ಹುಡುಗರದ್ದೇನೂ ತಪ್ಪಿಲ್ಲ, ಎದುರಿಗೆ ನಿಂತವರ ವಿರುದ್ಧ ಆಡಿ ಗೆದ್ದರು. ಬೀಗರು ಯಾರೆಂದು ವಿಚಾರಿಸದೆ ಲಗ್ನಪತ್ರಿಕೆ ಹಂಚಿದ್ದು ದೊಡ್ಡವರು.

ಇನ್ನು ಆ ಒಂದು ಗೋಲು. ಅದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು, ಇರುವುದೇ ಒಂದು. ಅಕ್ಟೋಬರ್ 9, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಕೊಲಂಬಿಯಾ 1-0 ಮುಂದಿದೆ. 82ನೇ ನಿಮಿಷಕ್ಕೆ ಕಾರ್ನರ್. ಒದೆಯಲು ನಿಂತದ್ದು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಚೆಂಡು ಬಾಗಿ ಬಂತು, ಮಣಿಪುರದ ಎತ್ತರದ ಹುಡುಗ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆದ್ದು ತಲೆ ಕೊಟ್ಟ. ಫಿಫಾ ವಿಶ್ವಕಪ್ಪೊಂದರಲ್ಲಿ ಭಾರತದ ಮೊಟ್ಟಮೊದಲ ಗೋಲು. ಕ್ರೀಡಾಂಗಣ ಎದ್ದು ನಿಂತಿತು. ಜನ ಇನ್ನೂ ಕೂತಿರಲಿಲ್ಲ, 83ನೇ ನಿಮಿಷಕ್ಕೆ ಕೊಲಂಬಿಯಾದ ಪೆನಲೋಸಾ ಎರಡನೇ ಗೋಲು ಹೊಡೆದಾಗಿತ್ತು. ಗೋಲು ಹೊಡೆದ ನಂತರದ ಎರಡು ನಿಮಿಷ ಹೇಗೆ ಆಡಬೇಕೆಂಬುದಕ್ಕೆ ಜಗತ್ತಿನ ಎಲ್ಲ ಅಕಾಡೆಮಿಗಳಲ್ಲಿ ಪಾಠವಿದೆ: ಸಾಲು ಬಿಗಿ ಮಾಡು, ಮೊದಲ ಚೆಂಡನ್ನು ಆಚೆ ಒದೆ, ಉಸಿರು ತಗೊ. ನಮ್ಮಲ್ಲಿ ಆ ಪಾಠಕ್ಕೆ ಬರಲು ಮೊದಲು ಗೋಲು ಹೊಡೆದು ಅಭ್ಯಾಸವಾಗಬೇಕಲ್ಲ. ಅಮೆರಿಕದ ವಿರುದ್ಧವೂ ಇದೇ ಪಾಡು, ಅನ್ವರ್ ಅಲಿ ಹೊಡೆದದ್ದು ಕ್ರಾಸ್‌ಬಾರ್‌ಗೆ ಬಡಿದು ವಾಪಸ್ ಬಂತು, ಅದೇ ಓಟದಲ್ಲಿ ಆ ಕಡೆ ಹೋಗಿ ಅವರ ಮೂರನೇ ಗೋಲಾಯಿತು.

ಬೆಂಗಳೂರಿನವರು ಇಲ್ಲೊಂದು ಯೋಗಾಯೋಗ ಗಮನಿಸಬಹುದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಫ್ರಾನ್ಸ್ ವಿರುದ್ಧದ ಆ ಪಂದ್ಯದ ಫಲಿತಾಂಶವೂ 1-2. ಅವತ್ತು ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡಿದ್ದರು. 69 ವರ್ಷದಲ್ಲಿ ಸ್ಕೋರು ಕಾಪಾಡಿಕೊಂಡು ಬಂದಿದ್ದೇವೆ, ಪರಂಪರೆ ಅಂದರೆ ಹೀಗಿರಬೇಕು.

2017ರ ಆ 21 ಮಂದಿಯ ತಂಡದಲ್ಲಿ ಎಂಟು ಜನ ಮಣಿಪುರದವರು. 2011ರ ಜನಗಣತಿಯಂತೆ 28 ಲಕ್ಷ ಜನರಿರುವ ರಾಜ್ಯ. ಗುಟ್ಟೇನೂ ಇಲ್ಲ. ಅಲ್ಲಿ ಪ್ರತಿ ಲೈಕಾಯಿಗೆ, ಅಂದರೆ ಕೇರಿಗೆ, ಒಂದು ಕ್ಲಬ್ಬು, ಆಡಲು ಒಂದು ಬಯಲು. ಹುಡುಗರು ಸಂಜೆ ಆಡುತ್ತಾರೆ, ಅಷ್ಟೇ. ಇಷ್ಟು ಸರಳವಾದ ವಿಷಯವನ್ನು ಉಳಿದ ರಾಜ್ಯಗಳು ಅನುಸರಿಸಿದರೆ ಟೆಂಡರ್ ಯಾವುದಕ್ಕೆ ಕರೆಯುವುದು?

ನಮ್ಮ ಶಾಲಾ ಕ್ರೀಡಾಕೂಟವನ್ನೇ ನೋಡಿ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಎಲ್ಲ ನಾಕೌಟ್. ತಾಲ್ಲೂಕಿನಲ್ಲಿ ಒಂದು ಪಂದ್ಯ ಸೋತ ಹುಡುಗನ ಫುಟ್‌ಬಾಲ್ ವರ್ಷ ಅಲ್ಲಿಗೆ ಮುಗಿಯಿತು. ಯುರೋಪಿನಲ್ಲಿ ಅವನ ವಯಸ್ಸಿನವನು ಆಗಸ್ಟ್‌ನಿಂದ ಮೇವರೆಗೆ ವಾರಕ್ಕೊಂದು ಪಂದ್ಯ ಆಡುತ್ತಾನೆ. ಶಾಲೆಗೆ ಬಂದ ಚೆಂಡಿನ ಗತಿಯೂ ಗೊತ್ತಿದ್ದದ್ದೇ. 5ನೇ ಸೈಜಿನ ಚೆಂಡು ಬರುತ್ತದೆ, 12 ವರ್ಷದೊಳಗಿನವರಿಗೆ 4ನೇ ಸೈಜು ಬೇಕೆಂಬುದು ಖರೀದಿ ಸಮಿತಿಗೆ ತಿಳಿದಿರುವುದಿಲ್ಲ. ಚೆಂಡಿನ ಜೊತೆ ಪಂಪು ಬರುವುದಿಲ್ಲ. ಪಂಪು ಬಂದರೆ ಸೂಜಿ ಇರುವುದಿಲ್ಲ. ಸೂಜಿ ಸಿಕ್ಕಿದರೆ ಅದನ್ನು ಒದ್ದೆ ಮಾಡದೆ ಒಣಗಿದ್ದಂತೆಯೇ ಚುಚ್ಚುತ್ತಾರೆ, ವಾಲ್ವಿನ ರಬ್ಬರು ಹರಿಯುತ್ತದೆ, ಗಾಳಿ ಬೆಳಿಗ್ಗೆ ಹೊಡೆದದ್ದು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಇಳಿದಿರುತ್ತದೆ. ಆಮೇಲೆ ಚೆಂಡು ಹೆಡ್‌ಮಾಸ್ಟರ ಬೀರುವಿನಲ್ಲಿ, ಸ್ಟಾಕ್ ರಿಜಿಸ್ಟರಿನಲ್ಲಿ 'ಸುಸ್ಥಿತಿ'. 2017ರಲ್ಲಿ 'ಮಿಷನ್ 11 ಮಿಲಿಯನ್' ಎಂಬ ಹೆಸರಲ್ಲಿ ಒಂದು ಕೋಟಿ ಹತ್ತು ಲಕ್ಷ ಮಕ್ಕಳನ್ನು ಫುಟ್‌ಬಾಲ್ ಆಡಿಸುವ ಗುರಿ ಇಟ್ಟುಕೊಂಡಿದ್ದರು. ಸೂಜಿಯ ಗುರಿ ಯಾರೂ ಇಟ್ಟುಕೊಂಡಂತಿಲ್ಲ.

ವಯಸ್ಸಿನದ್ದು ಇನ್ನೊಂದು ಪುರಾಣ. ಮಗು ಹುಟ್ಟಿದ್ದು ಯಾವಾಗಲೇ ಇರಲಿ, ಸೇರಿಸಿಕೊಳ್ಳುವಾಗ ಮೇಷ್ಟ್ರು ಜೂನ್ 1 ಎಂದು ಬರೆದ ನಾಡು ನಮ್ಮದು. ಆದರೆ ಮೂಳೆ ಮೇಷ್ಟ್ರ ಮಾತು ಕೇಳುವುದಿಲ್ಲ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ಎಂಬ ವಿಧಾನದಲ್ಲಿ ಮೂಳೆಯ ವಯಸ್ಸು ಅಂದಾಜು ಮಾಡುತ್ತಾರೆ. ಫಿಫಾ 2009ರಿಂದ 17ರೊಳಗಿನವರ ವಿಶ್ವಕಪ್ಪಿನಲ್ಲಿ ಎಂಆರ್‌ಐ ತಂದಿತು. ಮುಂಗೈನ ರೇಡಿಯಸ್ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ, ಅದು ಬೆಸೆದುಕೊಳ್ಳುವುದನ್ನು ಆರು ಹಂತ ಮಾಡಿ ನೋಡುತ್ತಾರೆ. ಆರನೇ ಹಂತ, ಅಂದರೆ ಪೂರ್ತಿ ಬೆಸೆದಿದ್ದರೆ, ಹುಡುಗ ಮನೆಗೆ.

ಇದರಲ್ಲಿ ಕೆಡುವುದು ಸಿಕ್ಕಿಬಿದ್ದವನ ಬದುಕು ಮಾತ್ರವಲ್ಲ. 13ರೊಳಗಿನವರ ಪಂದ್ಯಕ್ಕೆ ಮೀಸೆ ಚಿಗುರಿದ 15ರವನನ್ನು ಇಳಿಸಿದರೆ ಕೋಚಿಗೆ ಜಿಲ್ಲಾ ಕಪ್ ಖಾತ್ರಿ. ಅವನು ಓಡಿದರೆ ಯಾರೂ ಹಿಡಿಯಲಾರರು, ಹಾಗಾಗಿ ಅವನಿಗೆ ಚೆಂಡು ತಡೆಯುವ, ತಿರುಗುವ, ಸುತ್ತ ನೋಡುವ ಅಗತ್ಯವೇ ಬೀಳುವುದಿಲ್ಲ. ಕಾಲಲ್ಲಿ ಕಲೆಯಿದ್ದ, ನಿಜಕ್ಕೂ 13ರ ಪೀಚು ಹುಡುಗ ಬೆಂಚಿನಲ್ಲಿ ಕೂತು ಕೂತು ಮನೆಗೆ ಹೋಗಿರುತ್ತಾನೆ. ನಾಲ್ಕು ವರ್ಷ ಕಳೆದು ಎಂಆರ್‌ಐ ಯಂತ್ರ ಮೊದಲನೆಯವನನ್ನೂ ಕಳಿಸುತ್ತದೆ. ಈಗ ತಂಡ ಕಟ್ಟಿ ನೋಡೋಣ.

ಹುಡುಗರ ವಿಶ್ವಕಪ್ ಮುಗಿದಾಗ ಗೆದ್ದ ಲೆಕ್ಕವೂ ಒಂದು ಸಿಕ್ಕಿತು. ಟೂರ್ನಿಗೆ ಬಂದ ಪ್ರೇಕ್ಷಕರು 13,47,133. ಈ ವಯೋಮಾನದ ವಿಶ್ವಕಪ್ಪಿನಲ್ಲಿ ದಾಖಲೆ, 1985ರ ಚೀನಾವನ್ನು ಹಿಂದಿಕ್ಕಿದೆವು. ಪೆಂಡಾಲ್ ತುಂಬಿತ್ತು ಎಂಬುದೇ ಮದುವೆ ಸಾಂಗವಾಯಿತು ಎನ್ನಲು ಸಾಕ್ಷಿ. ಆಡಿದ ಹುಡುಗರನ್ನು 'ಇಂಡಿಯನ್ ಆ್ಯರೋಸ್' ಎಂಬ ಹೆಸರಲ್ಲಿ ದೊಡ್ಡವರ ಕ್ಲಬ್ಬುಗಳು ಆಡುವ ಐ-ಲೀಗ್‌ಗೆ ಬಿಟ್ಟರು. ಕೊನೆಯ ಸ್ಥಾನಕ್ಕೆ ಬಂದರೂ ಕೆಳದರ್ಜೆಗೆ ಇಳಿಸುವಂತಿಲ್ಲ ಎಂಬ ರಿಯಾಯಿತಿ ಬೇರೆ. ಆ ವರ್ಷ ಕೊನೆಯ ಸ್ಥಾನಕ್ಕೇ ಬಂದರು. 2022ರಲ್ಲಿ ಬತ್ತಳಿಕೆಯನ್ನೇ ಮುಚ್ಚಿದರು.

ಹುಡುಗಿಯರ ಟೂರ್ನಿಯಂತೂ ನಡೆಯುವುದೇ ಅನುಮಾನವಾಗಿತ್ತು. ಫೆಡರೇಷನ್ ಅಧ್ಯಕ್ಷರ ಅವಧಿ 2020ರ ಡಿಸೆಂಬರ್‌ಗೆ ಮುಗಿದಿದ್ದರೂ ಚುನಾವಣೆ ಇಲ್ಲ. ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಆಡಳಿತ ಸಮಿತಿ ನೇಮಿಸಿತು. 'ಮೂರನೆಯವರ ಹಸ್ತಕ್ಷೇಪ' ಎಂದು ಫಿಫಾ ಆಗಸ್ಟ್ 15ರ ತಾರೀಖು ಹಾಕಿ ನಮ್ಮನ್ನು ಅಮಾನತು ಮಾಡಿತು. ಸ್ವಾತಂತ್ರ್ಯದ 75 ತುಂಬಿದ ದಿನ, ಪತ್ರಕ್ಕೆ ಬೇರೆ ಮುಹೂರ್ತ ಸಿಗಲಿಲ್ಲವೇನೋ. 11 ದಿನದಲ್ಲಿ ಅಮಾನತು ತೆರವಾಯಿತು. ಸೆಪ್ಟೆಂಬರ್ 2ಕ್ಕೆ ಚುನಾವಣೆ, ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಎದುರು ಮಾಜಿ ನಾಯಕ ಬೈಚುಂಗ್ ಭುಟಿಯಾ. ಫಲಿತಾಂಶ 33-1. ಗೋಲ್‌ಕೀಪರ್ ಒಂದೇ ಒಂದು ಬಿಟ್ಟರು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಹುಡುಗಿಯರ ಪಾಲಿಗೆ ಬಂದದ್ದು 16.

ಆ ತಂಡದ ನಾಯಕಿ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹುಡುಗಿ. ಮಗಳು ದೇಶಕ್ಕೆ ಆಡುತ್ತಿದ್ದಾಳೆ ಎಂದು ಊರಿಗೆ ರಸ್ತೆ ಮಂಜೂರಾಯಿತು. ಆ ರಸ್ತೆಯ ಕೂಲಿಗಳಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು, ದಿನಕ್ಕೆ 250 ರೂಪಾಯಿ. ಇದಕ್ಕೆ ವಿಡಂಬನೆ ಬರೆಯುವವರ ಸಹಾಯ ಬೇಕಿಲ್ಲ.

ನಾವು ಗೆಲ್ಲುವುದೇ ಇಲ್ಲ ಎಂದರೆ ಸುಳ್ಳಾದೀತು. ನೆರೆಹೊರೆಯವರ ಸ್ಯಾಫ್ ಟೂರ್ನಿಯಲ್ಲಿ ವರ್ಷ ವರ್ಷ ಹಾರ ಬೀಳುತ್ತದೆ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ಶಬ್ಬೀರ್ ಅಲಿ ನಾಯಕತ್ವದ ಹುಡುಗರು ಇರಾನ್ ಜೊತೆ 2-2 ಆಡಿ ಏಷ್ಯಾದ ಕಿರಿಯರ ಕಪ್ ಹಂಚಿಕೊಂಡರು. ಭಾಷಣಗಳಲ್ಲಿ ಇಂದಿಗೂ ಆ ಕಪ್ಪಿಗೆ ಹೊಳಪು ಕೊಡಲಾಗುತ್ತದೆ. 2018ರಲ್ಲಿ ಕೋಚ್ ಬಿಬಿಯಾನೊ ಫರ್ನಾಂಡಿಸ್ ಅವರ ಹುಡುಗರು ಮಲೇಷ್ಯಾದಲ್ಲಿ ಏಷ್ಯಾದ ಎಂಟರ ಘಟ್ಟ ಮುಟ್ಟಿ, ಇಡೀ ಟೂರ್ನಿಯಲ್ಲಿ ಒಂದೇ ಗೋಲು ಬಿಟ್ಟರು. ಆ ಒಂದೇ ಗೋಲಿಗೆ ದಕ್ಷಿಣ ಕೊರಿಯಾಕ್ಕೆ ಸೋತರು, ವಿಶ್ವಕಪ್ ತಪ್ಪಿತು. ಆಗ ಏಷ್ಯಾಕ್ಕೆ ಎಲೆ ನಾಲ್ಕು. 2025ರಿಂದ ವಿಶ್ವಕಪ್ 48 ತಂಡಗಳದ್ದಾಗಿ ಎಂಟರ ಘಟ್ಟ ಮುಟ್ಟಿದವರಿಗೆಲ್ಲ ಎಲೆ ಹಾಕಿದರು. ಆ ಹೊತ್ತಿಗೆ ನಾವೆಲ್ಲಿದ್ದೆವು? 2024ರ ಅರ್ಹತಾ ಸುತ್ತಿನಲ್ಲಿ ಬ್ರೂನೈಗೆ 13 ಗೋಲು ಹೊಡೆದು, ಥಾಯ್ಲೆಂಡ್‌ಗೆ 2-3 ಸೋತು, ಏಷ್ಯಾ ಕಪ್ಪಿನ ಬಾಗಿಲಲ್ಲೇ ಚಪ್ಪಲಿ ಕಾಯುತ್ತಿದ್ದೆವು.

2025ರ ನವೆಂಬರ್ ಕೊನೆಗೆ ಅದೇ ಬಿಬಿಯಾನೊ ಅವರ ಹೊಸ ಹುಡುಗರು ಅಹಮದಾಬಾದ್‌ನಲ್ಲಿ ಇರಾನನ್ನು 2-1ರಿಂದ ಮಣಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಆ ಗುಂಪಿನ ಛತ್ರವೂ ನಮ್ಮದೇ, ಆದರೆ ಈ ಸಲ ಎಲೆಯನ್ನು ಆಡಿಯೇ ಹಾಕಿಸಿಕೊಂಡರು. ಅವರು ಮುಂದೆ ಬೆಳೆದು ಸೇರಬೇಕಾದ ದೇಶದ ಅಗ್ರ ಲೀಗ್ ಐಎಸ್ಎಲ್ ನಡೆಸುವ ಹಕ್ಕಿಗೆ ಅದೇ ತಿಂಗಳು ಟೆಂಡರ್ ಪೆಟ್ಟಿಗೆ ತೆರೆದು ನೋಡಿದ್ದರು. ಒಂದೇ ಒಂದು ಬಿಡ್ ಬಿದ್ದಿರಲಿಲ್ಲ. ಊಟಕ್ಕೆ ಅರ್ಹರಾದ ಹುಡುಗರು ಸಿಕ್ಕಿದ ಹೊತ್ತಿಗೆ ದೊಡ್ಡ ಛತ್ರಕ್ಕೆ ಬಾಡಿಗೆದಾರರೇ ಇರಲಿಲ್ಲ.