ಮೀನಿರುವ ತೊಟ್ಟಿಗೆ ಉಪ್ಪು ಸುರಿಯಬೇಡಿ

ಸಮುದ್ರದ ಮೀನು ಸಾಕುವ ತೊಟ್ಟಿಯಲ್ಲಿ ಲವಣಾಂಶ (ಸಿಹಿನೀರನ್ನು 1.000 ಎಂದಿಟ್ಟು ಅಳೆಯುವ ಸಾಪೇಕ್ಷ ಸಾಂದ್ರತೆ) 1.020 ಇದ್ದರೆ ಫಿಲ್ಟರ್ ಬಾಯಿಗೆ ಉಪ್ಪು ಸುರಿದು ಒಂದೇ ಸಂಜೆಯಲ್ಲಿ 1.025ಕ್ಕೆ ತರಬಹುದು ಎಂದು ಲೇಖನವೊಂದರಲ್ಲಿ ಓದಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಲವಣಾಂಶ ಇಳಿದರೆ ಸಮುದ್ರದ ಮೀನು ಒಂದಿಷ್ಟು ತಡೆದುಕೊಳ್ಳುತ್ತದೆ, ಏಕಾಏಕಿ ಏರಿದರೆ ಕಿವಿರಿನ ಮೂಲಕ ಮೈಯ ನೀರೇ ಹೊರಗೆ ಹೋಗಿ ಬಳಲುತ್ತದೆ. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಒಡೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಕೂಡ ಮಂಕಾಗಿ ಅಮೋನಿಯಾ ಏರಬಹುದು. ಕರಗದ ಉಪ್ಪಿನ ಹರಳು ಹವಳದ ಮೇಲೆ ಕೂತರೆ ಅಲ್ಲೇ ಸುಡುತ್ತದೆ.

ದಿನಕ್ಕೆ 0.001 ಮೀರದಂತೆ ಏರಿಸಿ. ಸುಲಭದ ದಾರಿ, ಆವಿಯಾದ ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುವುದು. 100 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ 2 ಲೀಟರ್ ಆರುತ್ತದೆ ಎನ್ನೋಣ. 2 ಲೀಟರ್ ಆರ್‌ಒ ನೀರಿಗೆ ಸುಮಾರು 75 ಗ್ರಾಂ ಮರೀನ್ ಸಾಲ್ಟ್ (ಸಮುದ್ರದ ಅಕ್ವೇರಿಯಂಗೆಂದೇ ಮಾರುವ ಉಪ್ಪು; ಅಡುಗೆಯ ಕಲ್ಲುಪ್ಪು ಖಂಡಿತ ಅಲ್ಲ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ) ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಪವರ್‌ಹೆಡ್ (ನೀರು ಕದಡುವ ಪುಟ್ಟ ಪಂಪ್) ಓಡಿಸಿ, ನೀರು ಪೂರ್ತಿ ತಿಳಿಯಾಗಿ ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ನಿಧಾನವಾಗಿ ಸೇರಿಸಿ. ದಿನಕ್ಕೆ ಸುಮಾರು 0.0005 ಏರುತ್ತದೆ, ಹತ್ತು ದಿನಕ್ಕೆ 1.025 ಮುಟ್ಟುತ್ತೀರಿ. ಮುಟ್ಟಿದ ದಿನವೇ ಸಿಹಿನೀರಿಗೆ ಮರಳಿ, ಇಲ್ಲದಿದ್ದರೆ ಏರುತ್ತಲೇ ಹೋಗುತ್ತದೆ.

ಇದಕ್ಕೆಲ್ಲ ಮೊದಲು ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಹೊಂದಿಸಿ. ಮುಳ್ಳಿನ ಹೈಡ್ರೋಮೀಟರ್ ಆದರೆ ಮುಳ್ಳಿಗಂಟಿದ ಗುಳ್ಳೆಗಳನ್ನು ತಟ್ಟಿ ಬಿಡಿಸಿ: ಗುಳ್ಳೆ ಮುಳ್ಳನ್ನು ಮೇಲೆತ್ತಿ ಲವಣಾಂಶ ಜಾಸ್ತಿ ತೋರಿಸುತ್ತದೆ.