ಸುರಕ್ಷತಾ ತರಬೇತಿ ಆಗದೆ ಫೀಲ್ಡ್‌ಗೆ ಬಿಡಬಾರದೇ?

ಕಾಡು, ಬೆಟ್ಟ, ಸಮುದ್ರ, ಗಲಭೆಯ ಊರು ಎಂದು ಕೆಲಸಕ್ಕೆ ಹೊರಡುವ ಸಂಶೋಧಕರು ಮೊದಲು ಸುರಕ್ಷತಾ ತರಬೇತಿ ಮುಗಿಸಿರಬೇಕು. ಬರೆದಿಟ್ಟ ಯೋಜನೆಗೆ ಸಹಿ ಬಿದ್ದಿರಬೇಕು. ಇಲ್ಲದಿದ್ದರೆ ಹೊರಡುವಂತಿಲ್ಲ. ವಿಶ್ವವಿದ್ಯಾಲಯಗಳು ಹೀಗೆ ಕಡ್ಡಾಯ ಮಾಡಬೇಕೇ? ಇದು ಪ್ರಶ್ನೆ. ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಮನಸ್ಸು ಯಾವ ಕಡೆ ವಾಲಿದೆ ಅನ್ನುವುದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ ಬಿಡಿ.

ಪರ: ಬೇಡ ಅನ್ನುವ ಧೈರ್ಯ ಹೊರಡುವ ಮೊದಲೇ ಬರಬೇಕು

1993ರ ಜನವರಿ 14. ಕೊಲಂಬಿಯಾದ ಗಲೇರಾಸ್ ಜ್ವಾಲಾಮುಖಿ. ಹತ್ತಿರದ ಪಾಸ್ತೊ ನಗರದಲ್ಲಿ ಜ್ವಾಲಾಮುಖಿ ತಜ್ಞರ ಸಮಾವೇಶ ನಡೆಯುತ್ತಿತ್ತು. ಅಲ್ಲಿಂದ ಹೊರಟ ಒಂದು ತಂಡ ಜ್ವಾಲಾಮುಖಿಯ ಬಾಯಿಗೇ ಇಳಿದು ಅಳತೆ ತೆಗೆದುಕೊಳ್ಳುತ್ತಿತ್ತು. ಮಧ್ಯಾಹ್ನ ಅದು ಸಿಡಿಯಿತು. ಆರು ವಿಜ್ಞಾನಿಗಳು, ಸುಮ್ನೆ ನೋಡಲು ಬಂದಿದ್ದ ಮೂವರು ಪ್ರವಾಸಿಗರು ಸತ್ತರು. ಬೆಂಕಿಯ ಹೊಳೆಯೇನೂ ಹರಿಯಲಿಲ್ಲ. ಕೆಂಡದಂಥ ಕಲ್ಲುಗಳು ಗುಂಡಿನ ಹಾಗೆ ಹಾರಿದವು. ಅಲ್ಲಿದ್ದ ಹೆಚ್ಚಿನವರ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ತಂಡದ ನಾಯಕ ಸ್ಟ್ಯಾನ್ಲಿ ವಿಲಿಯಮ್ಸ್ ಅವರ ತಲೆಬುರುಡೆ ಒಡೆಯಿತು, ಕಾಲು ಮುರಿಯಿತು. ಮಾರ್ತಾ ಕಾಲ್ವಾಚೆ, ಪ್ಯಾಟಿ ಮೋಥೆಸ್ ಎಂಬ ಇಬ್ಬರು ಸಹೋದ್ಯೋಗಿಗಳು ಅಂಥ ಹೊತ್ತಲ್ಲೂ ಹೋಗಿ ಹುಡುಕಿದ್ದರಿಂದ ಅವರ ಜೀವ ಉಳಿಯಿತು.

ಜ್ವಾಲಾಮುಖಿಯ ಬಗ್ಗೆ ಅವರಿಗಿಂತ ಚೆನ್ನಾಗಿ ತಿಳಿದವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದರು? ಆದರೂ ಹೆಲ್ಮೆಟ್ ಬ್ಯಾಗಿಗೆ ಬರಲಿಲ್ಲ. ವಿಷಯ ಗೊತ್ತಿರುವುದು ಬೇರೆ, ತಯಾರಿ ಬೇರೆ. ನಿಜ ಹೇಳಬೇಕೆಂದರೆ ಪರಿಣಿತರಿಗೇ ತಯಾರಿ ಜಾಸ್ತಿ ಬೇಕು. ನೂರು ಸಲ ಹೋಗಿ ಬಂದವರಿಗೆ ನೂರಾ ಒಂದನೇ ಸಲ ಭಯ ಆಗುವುದಿಲ್ಲ. ಹೊಸಬರು ಅವರ ಮುಖ ನೋಡಿ ತಾವೂ ಧೈರ್ಯ ತಂದುಕೊಳ್ಳುತ್ತಾರೆ. ಜ್ವಾಲಾಮುಖಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಮರುವರ್ಷ ಸುರಕ್ಷತೆಯ ಶಿಫಾರಸುಗಳನ್ನು ಪ್ರಕಟಿಸಿತು. ಅಷ್ಟರಲ್ಲಿ ಒಂಬತ್ತು ಜೀವ ಹೋಗಿತ್ತು.

ಇನ್ನೊಂದು ವಿಷಯ. ತಯಾರಿ ಅಂದರೆ ಹಿಂದಿನ ರಾತ್ರಿ ಬ್ಯಾಗ್ ತುಂಬಿಕೊಳ್ಳುವುದಲ್ಲ, ಅದಕ್ಕೆ ದಿನ ಬೇಕು. ಬಾವಲಿ ಹಿಡಿದು ಕೆಲಸ ಮಾಡುವವರನ್ನೇ ನೋಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲ ಅಂದರೂ ನಡೆಯುತ್ತದೆ. ಮುಂಚೆಯೇ ಹಾಕಿಸಿಕೊಳ್ಳುವ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕ್ರಮ ಎರಡು ಡೋಸ್, ನಡುವೆ ಒಂದು ವಾರ. ಅದು ಆಗಿದ್ದರೆ ಕಚ್ಚಿದ ಮೇಲೆ ಗಾಯ ಚೆನ್ನಾಗಿ ತೊಳೆದು ಬೂಸ್ಟರ್ ಹಾಕಿಸಿಕೊಂಡರೆ ಸಾಕು, ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕಾಗುವುದಿಲ್ಲ. ಆಗಿಲ್ಲದಿದ್ದರೆ ಯಾವುದೋ ಗುಹೆಯ ಬಾಯಲ್ಲಿ ನಿಂತು ಅದು ಯಾವ ಊರಲ್ಲಿ ಸಿಗುತ್ತದೆ ಎಂದು ಹುಡುಕಬೇಕು.

ಎತ್ತರದ ಬೆಟ್ಟಗಳ ಕಥೆಯೂ ಇದೇ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ಕೂರಬೇಕು ಎನ್ನುತ್ತಾರೆ ವೈದ್ಯರು. ಇದು ತೀರ್ಮಾನ ಆಗುವುದು ಬೆಟ್ಟದಲ್ಲಲ್ಲ, ಬಜೆಟ್ ಬರೆಯುವ ಮೇಜಿನ ಮೇಲೆ. ಹತ್ತು ದಿನದ ಕೆಲಸಕ್ಕೆ ಹತ್ತೇ ದಿನದ ದುಡ್ಡು ಕೇಳಿದರೆ ಆ ಖಾಲಿ ದಿನ ಎಲ್ಲಿಂದ ಬರಬೇಕು? ತಲೆ ಸಿಡಿಯುತ್ತಿದ್ದರೂ ವಿದ್ಯಾರ್ಥಿ ಮೇಲಕ್ಕೇ ಹತ್ತುತ್ತಾನೆ.

ಈಗ ಒಂದು ಸಂಜೆಯನ್ನು ಊಹಿಸಿಕೊಳ್ಳಿ. "ಆರಕ್ಕೆ ಫೋನ್ ಮಾಡ್ತೀನಿ" ಎಂದು ಹೇಳಿ ಹುಡುಗಿಯೊಬ್ಬಳು ಒಬ್ಬಳೇ ಮಣ್ಣಿನ ಮಾದರಿ ತರಲು ಹೋಗಿದ್ದಾಳೆ. ಆರಾಯಿತು, ಫೋನ್ ಇಲ್ಲ. ಆರೂವರೆ: ಸಿಗ್ನಲ್ ಸಿಕ್ಕಿಲ್ಲವೇನೋ. ಏಳೂವರೆ: ಬ್ಯಾಟರಿ ಹೋಗಿರಬೇಕು. ಒಂಬತ್ತು: ಇಷ್ಟಕ್ಕೇ ಸಂಶೋಧನೆಯ ಗೈಡ್‌ಗೆ ಹೇಳಿದರೆ ಏನಂದುಕೊಳ್ಳುತ್ತಾರೋ, ಬೆಳಗ್ಗೆ ನೋಡೋಣ. ಅಷ್ಟು ಹೊತ್ತಿಗೆ ಅವಳು ಮುರಿದ ಕಾಲಿಟ್ಟುಕೊಂಡು ಹಳ್ಳದಲ್ಲಿ ಬಿದ್ದು ಮೂರು ಗಂಟೆ ಆಗಿರಬಹುದು. ಕೂತವರು ಕೆಟ್ಟವರಲ್ಲ. ಅವರಿಗೆ ಸಂಕೋಚ, ಅಷ್ಟೇ. 'ಆರಕ್ಕೆ ಕರೆ, ಏಳರವರೆಗೆ ಕಾಯುವುದು, ಏಳಕ್ಕೆ ಈ ನಂಬರಿಗೆ ಫೋನ್' ಎಂದು ಒಂದು ಚೀಟಿಯಲ್ಲಿ ಬರೆದಿದ್ದರೆ ಸಂಕೋಚಕ್ಕೆ ಜಾಗವೇ ಇರುತ್ತಿರಲಿಲ್ಲ. ಗಡಿಯಾರ ನೋಡುವುದು, ಫೋನ್ ಎತ್ತುವುದು.

ಸಂಕೋಚಕ್ಕಿಂತ ಕೆಟ್ಟದ್ದೂ ಇದೆ. ಫೀಲ್ಡ್‌ನ ಅಪಾಯ ಅಂದರೆ ನಮಗೆಲ್ಲ ಹಾವು, ಕರಡಿ, ಪ್ರವಾಹ. ಆದರೆ ಅಪಾಯ ಪಕ್ಕದ ಟೆಂಟ್‌ನಲ್ಲೂ ಇರುತ್ತದೆ. 2014ರಲ್ಲಿ ಕ್ಯಾಥರಿನ್ ಕ್ಲಾನ್ಸಿ ಮತ್ತು ಸಂಗಡಿಗರು ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿದ ಸರ್ವೆಗೆ ಫೀಲ್ಡ್‌ನಲ್ಲಿ ಕೆಲಸ ಮಾಡಿದ 666 ಮಂದಿ ಉತ್ತರಿಸಿದ್ದರು. ಅವರಲ್ಲಿ ಸುಮಾರು 64% ಮಂದಿ ಲೈಂಗಿಕ ಕಿರುಕುಳದ ಮಾತುಗಳನ್ನು ಎದುರಿಸಿದ್ದರು. 20%ಕ್ಕಿಂತ ಜಾಸ್ತಿ ಮಂದಿಯ ಮೇಲೆ ದೈಹಿಕವಾಗಿಯೇ ಲೈಂಗಿಕ ಹಲ್ಲೆ ಆಗಿತ್ತು. ಹೆಣ್ಣುಮಕ್ಕಳಿಗೆ ಕಾಟ ಕೊಟ್ಟವರು ಹೆಚ್ಚಾಗಿ ತಂಡದಲ್ಲಿ ಅವರಿಗಿಂತ ಮೇಲಿದ್ದವರು. ಅಂದರೆ ಊಟ, ವಾಹನ, ಡೇಟಾ, ಮುಂದೆ ಶಿಫಾರಸು ಪತ್ರ ಎಲ್ಲ ಯಾರ ಕೈಯಲ್ಲಿದೆಯೋ ಅವರೇ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 2023ರಿಂದ ಕ್ಯಾಂಪಸ್‌ನ ಹೊರಗಿನ ಕೆಲಸಕ್ಕೆ ಹಣ ಕೇಳುವ ಸಂಸ್ಥೆಗಳು ಸುರಕ್ಷಿತ ವಾತಾವರಣದ ಯೋಜನೆ ಇದೆ ಎಂದು ದೃಢಪಡಿಸಬೇಕು ಎಂದದ್ದು ಇಂಥ ಕಿರುಕುಳವನ್ನೂ ಗಮನದಲ್ಲಿಟ್ಟುಕೊಂಡೇ.

"ತರಬೇತಿ ಒಳ್ಳೆಯದೇ, ಆದರೆ ಕಡ್ಡಾಯ ಯಾಕೆ? ಬೇಕಾದವರು ಕೇಳಿ ಪಡೆಯಲಿ" ಅನ್ನುವವರಿದ್ದಾರೆ. ಕೇಳುವವರು ಯಾರು ಹೇಳಿ? ಮೊದಲ ವರ್ಷದ ವಿದ್ಯಾರ್ಥಿ ಗೈಡ್ ಎದುರು ನಿಂತು "ಸರ್, ಈ ನದಿ ದಾಟಲು ನನಗೆ ಭಯ" ಅಂದರೆ ಅವನಿಗೆ ಪುಕ್ಕಲ ಅನ್ನುವ ಹೆಸರು ಬೀಳುತ್ತದೆ. ಮುಂದಿನ ಸಲ ಅವನನ್ನು ಕರೆಯುವುದೇ ಇಲ್ಲ. ಅದೇ ಮಾತು ಯೋಜನೆಯಲ್ಲಿ ಇರಲಿ: 'ನೀರು ಮಂಡಿ ಮುಟ್ಟಿದರೆ ದಾಟುವಂತಿಲ್ಲ, ತಂಡದ ಯಾರು ಬೇಡ ಅಂದರೂ ಕೆಲಸ ನಿಲ್ಲಬೇಕು.' ಆಗ ಅವನು ಗೈಡ್‌ನ ಮಾತು ಮೀರಿದ ಹಾಗೆ ಆಗುವುದಿಲ್ಲ. ಗೈಡ್‌ನ ಸಹಿಯನ್ನೇ ಅವರಿಗೆ ನೆನಪಿಸಿದ ಹಾಗೆ ಆಗುತ್ತದೆ. ಐಚ್ಛಿಕ ಅಂದರೆ ಬಾಯಿದ್ದವರಿಗೆ ಮಾತ್ರ ಸುರಕ್ಷತೆ.

ವಿರೋಧ: ಸಹಿ ಬಿದ್ದ ಕಾಗದ ಯಾರನ್ನು ಕಾಯುತ್ತದೆ?

ಮರುಭೂಮಿಗೆ ಹೊರಟಿದ್ದ ಒಂದು ತಂಡದ ಅಪಾಯ ಪಟ್ಟಿಯಲ್ಲಿ ಹೀಗಿತ್ತು: 'ಎಲ್ಲ ಸದಸ್ಯರೂ ಕಡ್ಡಾಯವಾಗಿ ಲೈಫ್ ಜಾಕೆಟ್ ಧರಿಸತಕ್ಕದ್ದು.' ಹಿಂದಿನ ವರ್ಷ ದೋಣಿಯಲ್ಲಿ ಹೋದವರ ಫಾರ್ಮ್ ಕಾಪಿ ಮಾಡಿ, ಜಾಗದ ಹೆಸರು ಬದಲಿಸಿದ್ದರು. ಕೆಳಗೆ ಮೂರು ಸಹಿ. ಮೂವರೂ ಓದಿರಲಿಲ್ಲ. ಮೂರನೆಯದು ನನ್ನದೇ.

ನಗು ಬರುತ್ತದೆ, ಅಲ್ವಾ? ಆದರೆ ಕಡ್ಡಾಯ ಅಂದ ತಕ್ಷಣ ಎಲ್ಲ ಕಡೆ ಆಗುವುದು ಇದೇ. ಕೆಲಸ ಫಾರ್ಮ್ ತುಂಬುವುದಾಗುತ್ತದೆ, ಯೋಚಿಸುವುದು ಹಿಂದೆ ಬೀಳುತ್ತದೆ. ಅಪಾಯ ಆಗುವ ಸಂಭವಕ್ಕೆ ಒಂದರಿಂದ ಐದು ಅಂಕ, ಆದಾಗ ಎಷ್ಟು ಪೆಟ್ಟು ಬೀಳುತ್ತದೆ ಎನ್ನುವುದಕ್ಕೆ ಒಂದರಿಂದ ಐದು ಅಂಕ, ಎರಡನ್ನೂ ಗುಣಿಸಿ. ಹದಿನೈದು ಬಂದರೆ ಕೆಂಪು, ಕಚೇರಿ ಬಿಡುವುದಿಲ್ಲ. ಹಾಗಾಗಿ ಮೂರು ಇದ್ದದ್ದು ಎರಡಾಗುತ್ತದೆ. ಈಗ ಹತ್ತು, ಹಳದಿ. ಹಾವಿಗೆ ಈ ತಿದ್ದುಪಡಿ ಗೊತ್ತಿರುವುದಿಲ್ಲ.

ಲೆಕ್ಕ ಪ್ರಾಮಾಣಿಕವಾಗಿದ್ದಾಗಲೂ ಏನಾಗುತ್ತದೆ ನೋಡಿ. 1980ರ ಮೇ 18ರಂದು ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಅದನ್ನು ಗಮನಿಸುತ್ತಿದ್ದ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ ಶಿಖರದಿಂದ ಸುಮಾರು 10 ಕಿಲೋಮೀಟರ್ ದೂರದ ದಿಬ್ಬದಲ್ಲಿದ್ದರು. ಸಾಕಷ್ಟು ದೂರ ಎಂದೇ ಆ ಜಾಗ ಆರಿಸಿದ್ದು. ಪರ್ವತ ಮೇಲಕ್ಕೆ ಸಿಡಿಯುವ ಬದಲು ಪಕ್ಕಕ್ಕೆ ಸಿಡಿಯಿತು. ಅವರು ಉಳಿಯಲಿಲ್ಲ. ಯಾವ ಕೋಷ್ಟಕದಲ್ಲೂ 'ಪಕ್ಕಕ್ಕೆ' ಎಂಬ ಕಾಲಂ ಇರುವುದಿಲ್ಲ.

ಹಾವು ಅಂದೆನಲ್ಲ. ಜೋ ಸ್ಲೊವಿನ್ಸ್ಕಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಹಾವು ತಜ್ಞ. 2001ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಮಾರ್‌ನ ಉತ್ತರದ ಕಾಡುಗಳಲ್ಲಿ ಇದ್ದರು. ಬೆಳಗ್ಗೆ ಸಹಾಯಕರು ಹಿಡಿದು ತಂದ ಹಾವಿನ ಚೀಲ ಕೈಗೆ ಬಂತು. ವಿಷವಿಲ್ಲದ ಜಾತಿ ಇರಬೇಕು ಎಂಬ ಅಂದಾಜು. ಕೈ ಹಾಕಿದರು. ಅದು ಕಟ್ಟುಹಾವಿನ ಜಾತಿಯ ಮರಿ. ಅದರ ವಿಷ ಮೆಲ್ಲಗೆ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಮುಂದೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಜೊತೆಗಿದ್ದವರಿಗೆ ವಿವರಿಸಿಯೂ ಹೇಳಿದರು. ಸಂಗಡಿಗರು ಬಾಯಿಗೆ ಬಾಯಿಟ್ಟು ಗಂಟೆಗಟ್ಟಲೆ ಉಸಿರು ಕೊಟ್ಟರು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರಲಾಗಲಿಲ್ಲ. ಮರುದಿನ ಅವರು ತೀರಿಕೊಂಡರು.

ಪರ ವಾದ ಮಾಡುವವರು ಇದನ್ನೂ ತಮ್ಮ ಕಡೆಯ ಸಾಕ್ಷಿ ಅನ್ನಬಹುದು. ಆದರೆ ಸ್ಲೊವಿನ್ಸ್ಕಿ ಅವರಿಗೆ ಎರಡು ಗಂಟೆಯ ಆನ್‌ಲೈನ್ ತರಬೇತಿ, ಕೊನೆಗೆ ಹತ್ತು ಪ್ರಶ್ನೆಯ ಪರೀಕ್ಷೆ ಕೊಟ್ಟಿದ್ದರೆ ಏನು ಹೊಸದಾಗಿ ಕಲಿಯುತ್ತಿದ್ದರು? ಅವರಿಗೆ ಬೇಕಾಗಿದ್ದದ್ದು ಉಸಿರಾಟದ ಯಂತ್ರವಿರುವ ಆಸ್ಪತ್ರೆ, ಅಲ್ಲಿಗೆ ಒಯ್ಯುವ ದಾರಿ. ಅದಕ್ಕೆ ದುಡ್ಡು ಬೇಕು, ಮೊದಲೇ ಮಾಡಿಕೊಂಡ ಒಪ್ಪಂದ ಬೇಕು. ಸ್ಯಾಟಲೈಟ್ ಫೋನ್, ತುರ್ತಾಗಿ ಹೊರತರುವ ವಿಮೆ, ಇಬ್ಬರು ಹೋಗುವ ಕಡೆ ಮೂವರನ್ನು ಕಳಿಸುವ ಖರ್ಚು, ಇವು ವಿಶ್ವವಿದ್ಯಾಲಯ ಕೊಡಬೇಕಾದವು. ಪ್ರಮಾಣಪತ್ರ ಮಾತ್ರ ವಿದ್ಯಾರ್ಥಿ ತರಬೇಕಾದ್ದು. ಎರಡರಲ್ಲಿ ಯಾವುದು ಬೇಗ ಕಡ್ಡಾಯ ಆಗುತ್ತದೆ ಎಂದು ಊಹಿಸಲು ಜಾಣತನ ಬೇಕಿಲ್ಲ. ಲಸಿಕೆ, ಫೋನ್ ಚೀಟಿ, ಕಿರುಕುಳದ ದೂರಿಗೆ ತಂಡದ ಹೊರಗಿನ ಒಬ್ಬರು, ಇದೆಲ್ಲ ಬೇಕೇ ಬೇಕು, ಅದರಲ್ಲಿ ಜಗಳವಿಲ್ಲ. ನನ್ನ ತಕರಾರು ಗೇಟಿಗೆ ಬೀಗ ಹಾಕುವುದರ ಬಗ್ಗೆ, ಬೀಗದ ಕೈ ಕಚೇರಿಯಲ್ಲಿ ಕೂತವರ ಹತ್ತಿರ ಇರುವುದರ ಬಗ್ಗೆ.

ಆ ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಸಮಾಜ ವಿಜ್ಞಾನದ ಕಡೆ ತಿರುಗಬೇಕು. ಜೂಲಿಯೋ ರೆಜೇನಿ ಕೇಂಬ್ರಿಜ್‌ನ ಪಿಎಚ್‌ಡಿ ವಿದ್ಯಾರ್ಥಿ. ಈಜಿಪ್ಟಿನ ಸ್ವತಂತ್ರ ಕಾರ್ಮಿಕ ಸಂಘಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ಅರೇಬಿಕ್ ಬರುತ್ತಿತ್ತು, ಕೈರೊ ಹೊಸದೇನಲ್ಲ. 2016ರ ಜನವರಿ 25ರಂದು ಕಾಣೆಯಾದರು. ಫೆಬ್ರುವರಿ 3ರಂದು ಚಿತ್ರಹಿಂಸೆಯ ಗುರುತುಗಳಿದ್ದ ಅವರ ಶವ ರಸ್ತೆ ಬದಿ ಸಿಕ್ಕಿತು. ಇಂಥ ಸಾವಿನ ಮುಂದೆ ಸುರಕ್ಷತಾ ಕಚೇರಿಗೆ ತಿಳಿದಿರುವುದು ಒಂದೇ ಉತ್ತರ: ಹೋಗಬೇಡಿ. ಒಬ್ಬ ಅಧಿಕಾರಿಯ ಜಾಗದಲ್ಲಿ ಕೂತರೆ ನಾನೂ ಅದನ್ನೇ ಅನ್ನುತ್ತೇನೆ. ಬೇಡ ಅಂದದ್ದಕ್ಕೆ ಯಾರೂ ಅವರನ್ನು ಕೇಳುವುದಿಲ್ಲ. ಹೋಗಿ ಅಂದದ್ದಕ್ಕೆ ಕೇಳುತ್ತಾರೆ. ಹೀಗೆ ಹತ್ತು ವರ್ಷ ನಡೆದರೆ ಸರ್ಕಾರಗಳು ಯಾರನ್ನು ಹೆದರಿಸುತ್ತವೋ ಅವರ ಬಗ್ಗೆ ಬರೆಯುವವರೇ ಇರುವುದಿಲ್ಲ. ಫೀಲ್ಡ್‌ಗೆ ಹೋಗುವುದು ನಿಲ್ಲುವುದಿಲ್ಲ, ಅದು ಬೇರೆ ಮಾತು. ರಜೆಗೆ ಹೋಗ್ತಿದ್ದೀನಿ ಎಂದು ಬರೆದುಕೊಟ್ಟು ಹೋಗುತ್ತಾರೆ. ಆಗ ಅವರು ಎಲ್ಲಿದ್ದಾರೆ ಎಂಬುದೂ ವಿಶ್ವವಿದ್ಯಾಲಯಕ್ಕೆ ಗೊತ್ತಿರುವುದಿಲ್ಲ.

ಕೊನೆಗೆ ಒಂದು ಸರೋವರದ ವಿಷಯ. ನೀರಿನ ಮಾದರಿ ತೆಗೆಯಲು ನಾವು ನಾಲ್ವರು ಹೋಗಿದ್ದೆವು. ನಾಲ್ವರಿಗೂ ತರಬೇತಿ ಆಗಿತ್ತು. ಯೋಜನೆಯ ಪ್ರಕಾರ ಸಂಜೆ ನಾಲ್ಕರವರೆಗೆ ಕೆಲಸ. ಎರಡೂವರೆಗೆ ದೋಣಿಯವರು ಆಕಾಶ ನೋಡಿದರು, ನೀರಿಗೆ ಕೈ ಬಿಟ್ಟು ನೋಡಿದರು, "ಸಾಕು ಹೋಗೋಣ, ಗಾಳಿ ತಿರುಗ್ತಿದೆ" ಅಂದರು. ನಮ್ಮ ಕೈಯಲ್ಲಿದ್ದ ಹವಾಮಾನ ವರದಿಯಲ್ಲಿ ಅಂಥದ್ದೇನೂ ಇರಲಿಲ್ಲ. ಇನ್ನೂ ಮೂರು ಜಾಗ ಬಾಕಿ. ನಾವು ಸ್ವಲ್ಪ ಗೊಣಗಿದೆವು. ಅವರು ನಮ್ಮ ಮಾತಿಗೆ ಕಾಯದೆ ದೋಣಿ ತಿರುಗಿಸಿದರು. ದಡ ಮುಟ್ಟುವ ಹೊತ್ತಿಗೆ ಅಲೆ ದೋಣಿಯೊಳಗೆ ಬರುತ್ತಿತ್ತು. ನಾವು ನಾಲ್ವರೂ ಜಾಕೆಟ್ ಹಾಕಿಕೊಂಡಿದ್ದೆವು. ಯೋಜನೆಯಲ್ಲಿ ನಾಲ್ಕು ಹೆಸರಿತ್ತು, ಹಾಗಾಗಿ ಮಂಜೂರಾಗಿದ್ದದ್ದು ನಾಲ್ಕೇ ಜಾಕೆಟ್. ದೋಣಿಯವರು ತೊಯ್ದ ಅಂಗಿಯಲ್ಲೇ ಹಗ್ಗ ಕಟ್ಟುತ್ತಿದ್ದರು.